ನಗುವಿಗೆ ಅಲುಗಿದ ಗೋಡೆ

ಅವತ್ತು ಬೆಳಗಿನಿಂದಲೇ ಅವಳಿಗೆ ಎಲ್ಲವೂ ಒಂದು ಗೇಣು ಆಚೆ ಸರಿದು ನಿಂತಂತೆ ಅನ್ನಿಸುತ್ತಿತ್ತು. ಕಾಫಿ ಲೋಟ ಎಲ್ಲಿಟ್ಟೆ ಎಂದು ಅಡುಗೆಮನೆಯೆಲ್ಲ ಹುಡುಕಿದ ಮೇಲೆ ಅದು ಎಡಗೈಯಲ್ಲೇ ಇರುವುದು ಕಂಡಿತು. ಆಸ್ಪತ್ರೆಯ ಲಿಫ್ಟಿನೊಳಗೆ ಗುಂಡಿ ಒತ್ತದೆ ನಿಂತುಕೊಂಡು, ಇದ್ಯಾಕೆ ಮೇಲೆ ಹೋಗುತ್ತಿಲ್ಲ ಎಂದು ಲಿಫ್ಟಿನ ಮೇಲೇ ಸಿಟ್ಟು ಮಾಡಿಕೊಂಡಳು. ನಿದ್ದೆ ಸಾಲಲಿಲ್ಲ ಅಷ್ಟೇ ಅಂದುಕೊಂಡಳು. ಊರವರ ಹೊಟ್ಟೆಯೊಳಗೆಲ್ಲ ಕೊಳವೆ ಇಳಿಸಿ ನೋಡುವವಳಿಗೆ ತನ್ನ ಹೊಟ್ಟೆಯೊಳಗಿನ ಕಸಿವಿಸಿ ನೋಡಿಕೊಳ್ಳಲು ಪುರಸೊತ್ತೆಲ್ಲಿ? ಎಂಡೋಸ್ಕೋಪಿ ವಿಭಾಗದ ತುದಿಯಲ್ಲಿ, ಹಿಂದೆ ಬೆಡ್‌ಶೀಟು ಒಟ್ಟುತ್ತಿದ್ದ ಕಿಟಕಿಯಿಲ್ಲದ ಕೋಣೆ. ಈಗ ಅದರಲ್ಲಿ ಎರಡು ಕುರ್ಚಿ, ಗೋಡೆಯ ಅರ್ಧ ನುಂಗುವ ಒಂದು ಪರದೆ, ಬಾಗಿಲ ಪಕ್ಕ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಬೆಡ್‌ಶೀಟು ಹೋದರೂ ಸೋಪಿನ ವಾಸನೆ ಹೋಗಿರಲಿಲ್ಲ. ದೀಪ ಆರಿಸಿ ಕೂತರೆ ಯಾರದೋ ಒಗೆದ ಬಟ್ಟೆಯ ಗಂಟಿನೊಳಗೆ ಕೂತ ಹಾಗಿರುತ್ತಿತ್ತು.

ಅಲ್ಲಿ ನಡೆಯುತ್ತಿದ್ದುದು ಅವಳದೇ ಸಂಶೋಧನೆ. ದೊಡ್ಡ ಕರುಳಿಗೆ ಸ್ಕೋಪು, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ, ಹಾಕಿ ನೋಡುವ ಡಾಕ್ಟರುಗಳು ಕಣ್ಣೆದುರಿಗಿರುವುದನ್ನೇ ಎಷ್ಟು ಸಲ ಕಾಣದೆ ದಾಟಿಹೋಗುತ್ತಾರೆ, ಎಲ್ಲಿ, ಯಾಕೆ, ಅಷ್ಟೇ ಪ್ರಶ್ನೆ. ಸ್ಕೋಪನ್ನು ಕರುಳಿನ ಕೊನೆಯವರೆಗೆ ನೂಕಿ, ಅಲ್ಲಿಂದ ಮೆಲ್ಲಗೆ ಹಿಂದಕ್ಕೆಳೆಯುತ್ತ ಬರುವಾಗಲೇ ನೋಡುವುದೆಲ್ಲ. ಆ ಹಿಂದಕ್ಕೆ ಬರುವ ದಾರಿಯ ಹಳೇ ವಿಡಿಯೋಗಳನ್ನು, ರೋಗಿಗಳ ಒಪ್ಪಿಗೆ ಪಡೆದು, ಕೂಡಿಹಾಕಿದ್ದರು. ಯಾರ ಕರುಳು, ಯಾರ ಕೈ, ಯಾವ ದಿನ, ಎಲ್ಲ ಅಳಿಸಿಹಾಕಿ, ಮಾತು ತೆಗೆದು, ಬರೀ ಚಿತ್ರ ಉಳಿಸಿದ್ದರು. ವಿಭಾಗದವರು ಅದಕ್ಕೆ ಮೂಕಿ ಪಿಕ್ಚರ್ ಅನ್ನುತ್ತಿದ್ದರು. ಇಬ್ಬರು ಜೊತೆಗೆ ಕೂತು ನೋಡಬೇಕು, ಬಿಟ್ಟುಹೋದದ್ದು ಕಂಡರೆ ಗುರುತು ಹಾಕಬೇಕು. ಭಯಪಡುವಂಥದ್ದು ಕಂಡರೆ, ಸಂಶೋಧನೆಯ ಅಂಕಿಅಂಶ ನೋಡಿಕೊಳ್ಳುವ ಲೆಕ್ಕದ ಮೇಷ್ಟ್ರಿಗೆ ಹೇಳಬೇಕು. ಯಾವ ವಿಡಿಯೋ ಯಾರದೆಂಬ ಗುಟ್ಟು ಅವರೊಬ್ಬರ ಹತ್ತಿರ, ಅವರು ರೋಗಿಗೆ ಕಾಗದ ಬರೆದು ಕರೆಸುತ್ತಾರೆ. ಅವಳಿಗೆ ಜೋಡಿಯಾಗಿ ಕೂರುತ್ತಿದ್ದವನು ಕಿರಿಯ ಡಾಕ್ಟರು. ದಪ್ಪ ಗಾಜಿನ ಕನ್ನಡಕ, ಉದ್ದ ನಾಲಿಗೆ. ಬೆನ್ನ ಹಿಂದೆ ಅವಳನ್ನು 'ಹದ್ದು' ಎನ್ನುವ ಪದ್ಧತಿ ತಂದವನೇ ಅವನು. ಹದ್ದಿನ ಕಣ್ಣಿನ ಹದ್ದು. ಗೊತ್ತಿಲ್ಲದವಳ ಹಾಗೆ ಇದ್ದಳು. ಒಳಗೊಳಗೆ ಇಷ್ಟವೇ ಆಗಿತ್ತು. ಕಲಿಯಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: ತೊಳೆದು ನೋಡು. ಕರುಳಿನ ಗೋಡೆಯ ಮೇಲೆ ಏನೇ ಅಂಟಿರಲಿ, ಲೋಳೆಯೋ ನೊರೆಯೋ, ಸ್ಕೋಪಿನಿಂದ ನೀರು ಬಿಟ್ಟು ತೊಳೆದು ನೋಡು, ಆಮೇಲೆ ಮುಂದೆ ಹೋಗು. "ಮೇಡಮ್ಮಿಗೆ ಹುಡುಗನ ಫೋಟೋ ತೋರಿಸಿದ್ರಂತೆ, ತೊಳೆದು ನೋಡಿ ಅಂದ್ರಂತೆ," ಎಂದು ಕ್ಯಾಂಟೀನಿನಲ್ಲಿ ಹುಟ್ಟಿದ ಜೋಕು ಸುತ್ತಾಡಿ ಅವಳ ಕಿವಿಗೂ ಬಂದಿತ್ತು.

ಅವತ್ತು ವಿಡಿಯೋ ನೋಡಲು ಕೂರುವ ಹೊತ್ತಿಗೆ ಸರಿಯಾಗಿ ಚಿಕ್ಕಮ್ಮನ ಫೋನು. ಚಿಕ್ಕಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಊರವರ ಮಾತನ್ನೆಲ್ಲ ಇನ್ನೊಂದು ಊರಿಗೆ ದಾಟಿಸಿ ದಾಟಿಸಿ, ರಿಟೈರಾದ ಮೇಲೆ ತನ್ನ ಪಾಲಿನ ಮಾತನ್ನೆಲ್ಲ ಬಡ್ಡಿ ಸಮೇತ ಆಡಿ ಮುಗಿಸುತ್ತಿದ್ದಳು. ಅಮ್ಮ ಹೋದ ಮೇಲೆ ಇವಳಿಗೆ ಜಡೆ ಹಾಕಿದವಳು, ಪರೀಕ್ಷೆಯ ಹಿಂದಿನ ದಿನ ಪಕ್ಕದಲ್ಲಿ ಕೂತು ತೂಕಡಿಸಿದವಳು. "ಏನ್ ಮಾಡ್ತಿದೀಯೇ? ಯಾರ ಹೊಟ್ಟೇಲಿದೀಯ ಈಗ?" ಎಂಬುದೇ ಅವಳ ಹಲೋ. "ಕೆಲಸದಲ್ಲಿದೀನಿ ಚಿಕ್ಕಮ್ಮ, ಆಮೇಲೆ ಮಾಡ್ತೀನಿ." "ಮಾಡು, ಮಾಡು. ಒಂದೇ ಮಾತು. ನಮ್ಮ ಮನೆ ಮೆಟ್ಟಿಲು ಯಾರೋ ಹೆಚ್ಚು ಮಾಡಿದಾರೆ ಕಣೇ. ಮೊದಲು ಇಷ್ಟಿರಲಿಲ್ಲ. ಹತ್ತೋ ಹೊತ್ತಿಗೆ ಅರ್ಧ ಜೀವ ಕೆಳಗೇ ಬಿಟ್ಟು ಬಂದ ಹಾಗಾಗುತ್ತೆ." "ವಯಸ್ಸಾಯ್ತು ನಿಂಗೆ." "ನಂಗೆ? ಮೆಟ್ಟಿಲಿಗೆ ವಯಸ್ಸಾಗಿದೆ." "ಕಬ್ಬಿಣದ ಮಾತ್ರೆ ತಗೋ, ಹೇಳಿದ್ದೆನಲ್ಲ." "ತಗೊಳ್ತಿದೀನಿ. ಇನ್ನು ಸ್ವಲ್ಪ ತಗೊಂಡ್ರೆ ತುಕ್ಕು ಹಿಡೀತೀನಿ." ನಗುತ್ತಲೇ ಫೋನಿಟ್ಟಳು ಚಿಕ್ಕಮ್ಮ. ಅವಳು ಯಾವಾಗಲೂ ಮೊದಲು ನಗುತ್ತಿದ್ದಳು, ಆಮೇಲೆ ಫೋನಿಡುತ್ತಿದ್ದಳು. ಹಾಗಾಗಿ ಫೋನು ಕಟ್ಟಾದ ಮೇಲೂ ಆ ನಗು ಇತ್ತಕಡೆ ಸ್ವಲ್ಪ ಹೊತ್ತು ಉಳಿದಿರುತ್ತಿತ್ತು.

ಪರದೆಯ ಮೇಲೆ ಕರುಳು ಬೆಳಗಿತು. ನಸುಗೆಂಪು ಸುರಂಗ, ಮಡಿಕೆಯ ಹಿಂದೆ ಮಡಿಕೆ, ಒದ್ದೆ ಹೊಳಪು. ಎಷ್ಟು ನೋಡಿದ್ದರೂ ಅವಳಿಗೆ ಆ ಬಣ್ಣ ಬೇಸರವಾಗಿರಲಿಲ್ಲ. ಮನುಷ್ಯರು ಹೊರಗೆ ಏನೇ ಬಣ್ಣವಿದ್ದರೂ ಒಳಗೆ ಇಷ್ಟು ಒಂದೇ ಸಮ ಚೆಂದವಾಗಿರುವುದು ಯಾರಿಗೂ ಗೊತ್ತಾಗದಲ್ಲ ಎಂದು ಒಮ್ಮೊಮ್ಮೆ ಮರುಕವಾಗುತ್ತಿತ್ತು. ಬಲಗಡೆಯ ಭಾಗದಲ್ಲಿ ಸ್ಕೋಪು ಹಿಂದಕ್ಕೆ ಬರುತ್ತಿತ್ತು. ಒಂದು ಮಡಿಕೆಯ ಅಂಚಿನಲ್ಲಿ, ಹಳದಿ ಲೋಳೆಯ ಸಣ್ಣ ಟೋಪಿ ಹಾಕಿಕೊಂಡು, ಚಪ್ಪಟೆಯಾಗಿ ಮಲಗಿತ್ತು ಅದು. ಗೋಡೆಗೂ ಅದಕ್ಕೂ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ. ಈ ಜಾತಿಯ ಗಂಟುಗಳು ಹಾಗೇ, ಲೋಳೆ ಹೊದ್ದು, ಸುತ್ತಲಿನ ಕಸವನ್ನೆಲ್ಲ ಮೈಗೆ ಅಂಟಿಸಿಕೊಂಡು, ನಾನು ಕಸ, ನನ್ನನ್ನು ನೋಡಬೇಡ ಎನ್ನುತ್ತ ಕೂತಿರುತ್ತವೆ. ಬಿಟ್ಟರೆ ಕೆಲವು, ಎಲ್ಲವೂ ಅಲ್ಲ, ವರ್ಷಗಳಲ್ಲಿ ಕ್ಯಾನ್ಸರಾಗುತ್ತವೆ. ಸ್ಕೋಪು ಅದರ ಎದುರು ಬಂತು. ನಿಂತಿತು. ಒಂದು ಕ್ಷಣ ಚಿತ್ರವೆಲ್ಲ ಗಡಗಡ ಅಲುಗಿತು. ಆಮೇಲೆ ಸ್ಕೋಪು ಹಿಂದೆ ಸರಿದು ಮುಂದಿನ ಮಡಿಕೆಗೆ ಹೋಯಿತು. "ಅಯ್ಯಯ್ಯೋ," ಎಂದ ಕನ್ನಡಕದವನು. "ಎದುರಿಗೇ ನಿಂತು ನಮಸ್ಕಾರ ಹೇಳಿ ಹೋದನಲ್ಲ ಪುಣ್ಯಾತ್ಮ!" ಅವಳೂ ನಕ್ಕಳು. "ಯಾರಪ್ಪಾ ಈ ಕುರುಡ? ತೊಳೆಯೋದಕ್ಕೆ ನೀರೇನು ಇವನ ಮಾವನ ಮನೆಯಿಂದ ತರಬೇಕಿತ್ತಾ?" ಕನ್ನಡಕದವನು ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ನಕ್ಕ. ಹದ್ದು ಜೋಕು ಮಾಡಿದ ದಿನ ಕ್ಯಾಂಟೀನಿಗೆ ಸುಗ್ಗಿ. "ಇನ್ನೊಂದ್ಸಲ ಹಾಕು," ಎಂದಳು. ಹಾಕಿದ. "ನಿಂತಿದಾನೆ ನೋಡಿ ಮೇಡಂ, ಚೆನ್ನಾಗೇ ನಿಂತಿದಾನೆ. ಆದ್ರೆ ಪೇಷಂಟು ಕೆಮ್ಮಿದಾರೆ, ಅದಕ್ಕೇ ಅಲುಗಿದೆ. ಅಷ್ಟರಲ್ಲಿ ಜಾಗ ತಪ್ಪಿಹೋಗಿದೆ."

ಕೆಮ್ಮಿದರೆ ಗೋಡೆ ಒಂದೇ ಸಲ ಎಗರುತ್ತದೆ, ತಡೆದು ಮತ್ತೆ ಎಗರುತ್ತದೆ. ಇದು ಹಾಗಿರಲಿಲ್ಲ. ಇದು ಸಣ್ಣದಾಗಿ ಶುರುವಾಗಿ, ಉಕ್ಕಿ, ತಡೆಯಲಾರದೆ ತಡೆದುಕೊಂಡು, ಮತ್ತೆ ಉಕ್ಕಿ, ಕೊನೆಗೆ ಎರಡು ತುಂಡು ನಡುಕವಾಗಿ ನಿಂತಿತು. ಇನ್ನೊಂದ್ಸಲ ಎಂದಳು. ಲೋಳೆಯ ಟೋಪಿಯ ಅಂಚಿಗೆ ಅಂಟಿಕೊಂಡ ಕಾಳುಗಳು ಈಗ ಕಂಡವು. ಸಣ್ಣ, ಗಟ್ಟಿ, ಬೆಳ್ಳಗಿನ ಬೀಜ. ಸೀಬೆ ಹಣ್ಣಿನ ಬೀಜ. ಅವಳ ಕೈ ತಾನಾಗಿಯೇ ಮೇಲೆದ್ದು ಬಾಯಿ ಮುಚ್ಚಿತು. ಆ ಗೋಡೆ ಕೆಮ್ಮುತ್ತಿರಲಿಲ್ಲ. ನಗುತ್ತಿತ್ತು. ಆ ನಗುವಿನ ಲಯ ಅವಳಿಗೆ ಹಾಲು ಹಲ್ಲಿನ ಕಾಲದಿಂದ ಗೊತ್ತು. ಈಗಷ್ಟೇ ಫೋನಿನಲ್ಲಿ ಕೇಳಿದ್ದಳು. ಒಂದು ಸದ್ದೂ ಇಲ್ಲದೆ ಅದೇ ನಗು ಗೋಡೆಯಗಲಕ್ಕೆ ಅಲುಗುತ್ತಿತ್ತು.

ಅವಳೇ ಚಿಕ್ಕಮ್ಮನಿಗೆ ಸ್ಕೋಪು ಹಾಕಿದ್ದ ದಿನ. ನಿದ್ದೆ ಬರುವ ಇಂಜೆಕ್ಷನ್ ಬೇಡ ಅಂದಿದ್ದಳು ಚಿಕ್ಕಮ್ಮ. "ನಂದು ನಾನೇ ನೋಡಬಾರದಾ? ಇಷ್ಟು ವರ್ಷ ಊಟ ಹಾಕಿದೀನಿ." ಮಂಚದ ಮೇಲೆ ಪಕ್ಕಕ್ಕೆ ಮಲಗಿ, ಕತ್ತು ತಿರುಗಿಸಿ ಪರದೆ ನೋಡುತ್ತ, ಸಿಸ್ಟರಿಗೆ, ಕಲಿಯಲು ನಿಂತಿದ್ದವರಿಗೆ, ಎಲ್ಲರಿಗೂ ಕಾಮೆಂಟರಿ ಕೊಡುತ್ತಿದ್ದಳು. "ಎಷ್ಟು ಚೆನ್ನಾಗಿದೆಯಲ್ಲೇ! ಮಗು ಬಾಯಿ ತೆರೆದ ಹಾಗಿದೆ. ಇಷ್ಟು ಚೆಂದ ಮುಖ ನಂಗೆ ಕೊಟ್ಟಿದ್ರೆ ಆಗ್ತಿರಲಿಲ್ವಾ?" ಸಿಸ್ಟರಿಗೆ ನಕ್ಕು ನಕ್ಕು ಮಾಸ್ಕು ಜಾರಿತ್ತು. ಸ್ಕೋಪು ಹಿಡಿದವಳಿಗೆ ಮಾತ್ರ ಒಳಗೊಂದು ಮುಳ್ಳು. ಹುಡುಗರೆದುರಿಗೆ ತಾನು ಹದ್ದು. ಇಲ್ಲಿ ಚಿಕ್ಕಮ್ಮ ತನ್ನನ್ನು 'ಕಣೇ', 'ಬಾರೇ' ಎನ್ನುತ್ತ ಜಡೆ ಹಾಕಿಸಿಕೊಳ್ಳುವ ಹುಡುಗಿ ಮಾಡಿಹಾಕುತ್ತಿದ್ದಾಳೆ. ಬೀಜ ಇರುವ ಹಣ್ಣು ತಿನ್ನಬೇಡ ಎಂದು ಮುಂಚೆಯೇ ಹೇಳಿದ್ದರೂ ತಿಂದು ಬಂದಿದ್ದಾಳೆ. ದಾರಿಯುದ್ದಕ್ಕೂ ಬೀಜ, ಸ್ಕೋಪಿನ ಬಾಯಿ ಕಟ್ಟುತ್ತಿದೆ, ಹುಡುಗರು ನೋಡುತ್ತಿದ್ದಾರೆ. ಆಗ ಚಿಕ್ಕಮ್ಮ ಕೈ ಎತ್ತಿ ಪರದೆಯ ಕಡೆ ಬೆರಳು ಮಾಡಿದ್ದಳು. "ಅಲ್ಲೇನೋ ಇದೆ ನೋಡೇ. ಅಲ್ಲಿ, ಅಂಚಲ್ಲಿ. ಏನೋ ಕೂತಿದೆ." ಅವಳು ಪರದೆ ನೋಡಿರಲಿಲ್ಲ. ಹುಡುಗರ ಮುಖ ನೋಡಿದ್ದಳು. "ಅದು ನೀನು ಕದ್ದು ತಿಂದ ಸೀಬೆ ಹಣ್ಣು. ಸಾಕ್ಷಿ ಹೇಳೋಕೆ ಕೂತಿದೆ. ಸುಮ್ಮನೆ ಮಲಗು." ಕೋಣೆಗೆ ಕೋಣೆಯೇ ನಕ್ಕಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಚಿಕ್ಕಮ್ಮ. ನಗು ನಿಂತ ಮೇಲೆ ಎಕ್ಸ್‌ಚೇಂಜಿನ ದನಿಯಲ್ಲಿ "ಸರಿ ಡಾಕ್ಟ್ರೇ," ಎಂದಿದ್ದಳು. ಅಲ್ಲಿಂದ ಮುಗಿಯುವವರೆಗೂ ಮಾತಾಡಿರಲಿಲ್ಲ. ಅಬ್ಬ, ಬಾಯಿ ಮುಚ್ಚಿತಲ್ಲ, ಎಂದು ಹಾಯಾಗಿತ್ತು ಅವಳಿಗೆ. ಆ ಹಾಯಿ ಕೂಡ ಈಗ ನೆನಪಿಗೆ ಬಂತು, ಬೆನ್ನಿನ ಮೇಲೆ ಯಾರೋ ತಣ್ಣೀರು ಸುರಿದಂತೆ. ಕೊನೆಗೆ ಬಟ್ಟೆ ಹಾಕಿಕೊಂಡು ಬಂದವಳ ಬೆನ್ನು ತಟ್ಟಿ, "ಏನೂ ಇಲ್ಲ, ಕನ್ನಡಿ ಹಾಗಿದೆ. ಹತ್ತು ವರ್ಷ ಈ ಕಡೆ ತಲೆ ಹಾಕಬೇಡ," ಅಂದಿದ್ದಳು. ಅದಾಗಿ ಎರಡು ವರ್ಷದ ಮೇಲಾಯಿತು. ನಮ್ಮ ಹುಡುಗಿ ಒಳಗೆಲ್ಲ ನೋಡಿದಾಳೆ, ಕನ್ನಡಿ ಅಂತೆ, ಎಂದು ಚಿಕ್ಕಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು.

"ಮೇಡಂ? ಗುರುತು ಹಾಕ್ಲಾ?" ಕನ್ನಡಕದವನ ದನಿ ನೀರಿನೊಳಗಿಂದ ಬಂದಂತೆ ಬಂತು. ಅವಳು ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆ ಓದುತ್ತಿದ್ದಳು. ಪಿನ್ನು ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿಯಿಡಿ. ಮತ್ತೆ ಮೊದಲಿಂದ ಓದಿದಳು. ಪಿನ್ನು ಎಳೆಯಿರಿ. ಚಿಕ್ಕಮ್ಮನ ಮೆಟ್ಟಿಲು ಹೆಚ್ಚಾಗಿತ್ತು. ಕರುಳಿನ ಬಲಗಡೆ ಇಂಥದ್ದು ಬೆಳೆದು ಕೆಟ್ಟರೆ ನೋವಾಗುವುದಿಲ್ಲ, ಗೊತ್ತಾಗುವುದಿಲ್ಲ. ಒಳಗೊಳಗೇ ರಕ್ತ ಸೋರಿ ಮನುಷ್ಯ ಸುಸ್ತಾಗುತ್ತಾನೆ, ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಾನೆ. ಕಲಿಯುವವರಿಗೆ ಅವಳು ಬಾಯಿಪಾಠ ಮಾಡಿಸುವ ಪಾಠ ಅದು. ಅದೇ ಬಾಯಲ್ಲಿ ಕಬ್ಬಿಣದ ಮಾತ್ರೆ ತಗೋ ಅಂದಿದ್ದಳು, ಒಂದು ರಕ್ತ ಪರೀಕ್ಷೆ ಕೂಡ ಮಾಡಿಸದೆ. ಯಾಕೆಂದರೆ ಒಳಗೆ ಕನ್ನಡಿ. ಯಾಕೆಂದರೆ ನೋಡಿದವಳು ಹದ್ದು. "ಹಾಕು," ಎಂದಳು. ಅವಳ ದನಿ ಎಂದಿನಂತೆಯೇ ಇತ್ತು. ಅದು ಎಂದಿನಂತಿರುವುದು ಕೇಳಿ ಅವಳಿಗೇ ದಿಗಿಲಾಯಿತು.

ಹೊರಗೆ ಕಾರಿಡಾರಿನಲ್ಲಿ ನಿಂತು ಲೆಕ್ಕದ ಮೇಷ್ಟ್ರಿಗೆ ಫೋನು ಮಾಡಿದಳು. ಮೇಷ್ಟ್ರು ವಿಡಿಯೋದ ನಂಬರು ಕೇಳಿಕೊಂಡು, ಕೀಲಿಮಣೆ ಟಕಟಕ ಒತ್ತಿದರು. "ನೋಡಿದೆ. ಪೇಷಂಟಿಗೆ ಕಾಗದ ಹೋಗುತ್ತೆ, ಈ ವಾರವೇ. ಮರುಪರೀಕ್ಷೆಗೆ ಬನ್ನಿ ಅಂತ ಒಂದು ಸಾಲು." "ಮೇಷ್ಟ್ರೇ, ನಂಗೆ ಗುರುತು ಸಿಕ್ತು. ಸ್ಕೋಪು ಹಿಡಿದ ಕೈ ನಂದು." ಅದು ಮೇಷ್ಟ್ರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಹೇಳುವ ಹಾಗಿರಲಿಲ್ಲ. "ಹಾಗಾದ್ರೆ ಸುಲಭವಾಯ್ತು ಮೇಡಂ. ನೋಡೋರಿಗೆ ಗುರುತು ಸಿಕ್ಕಿದ ವಿಡಿಯೋ ಲೆಕ್ಕದಿಂದ ಹೊರಗೆ. ನಿಯಮ ನೀವೇ ಮಾಡಿದ್ದು. ನಿಮ್ಮ ಹೆಸರಿಗೆ ಇದು ಬರೋದಿಲ್ಲ. ಪೇಷಂಟಿಗೂ ನೀವೇನೂ ಹೇಳಬೇಕಾಗಿಲ್ಲ, ಕಾಗದ ಹೇಳುತ್ತೆ." ಸುಲಭವಾಯ್ತು. ಆ ಮಾತು ಕಿವಿಗೆ ಬಿದ್ದೊಡನೆ ಎದೆಯೊಳಗೆ ಏನೋ ಸಡಿಲವಾಯಿತು, ಬಿಸಿಲಲ್ಲಿ ನಡೆದು ಬಂದವರು ನೆರಳಿಗೆ ಕಾಲಿಟ್ಟ ಹಾಗೆ, ಸದ್ಯ, ಎಂದಿತು ಒಂದು ದನಿ. ಅವಳು ಆ ದನಿಯನ್ನು ಕೇಳಿಸಿಕೊಂಡಳು. ವಿಡಿಯೋ ಕಂಡಾಗ ಆದದ್ದಕ್ಕಿಂತ ದೊಡ್ಡ ಆಘಾತ ಇದಾಯಿತು. ಅಲ್ಲಿ ಕಣ್ಣು ತಪ್ಪಿತ್ತು. ಇಲ್ಲಿ ಎಲ್ಲ ಕಾಣುತ್ತಿದ್ದಾಗಲೇ, ಚಿಕ್ಕಮ್ಮ ಅರ್ಧ ಜೀವ ಕೆಳಗಿಟ್ಟು ಮೆಟ್ಟಿಲು ಹತ್ತುತ್ತಿದ್ದಾಗಲೇ, ತನ್ನೊಳಗೆ ಯಾರೋ ಸದ್ಯ ಎಂದು ಕೈ ಒರೆಸಿಕೊಂಡಿದ್ದರು. ಟ್ರಾಲಿ ತಳ್ಳಿಕೊಂಡು ಬಂದವನು "ಸ್ವಲ್ಪ ಸರೀತೀರಾ ಮೇಡಂ," ಎಂದ. ಸರಿದಳು. "ಮೇಷ್ಟ್ರೇ, ನನ್ನನ್ನ ಹೊರಗೆ ಹಾಕಿ. ವಿಡಿಯೋ ಒಳಗಿರಲಿ. ಬೇರೆ ಯಾರಾದರೂ ನೋಡಿ ಗುರುತು ಹಾಕಲಿ, ಲೆಕ್ಕಕ್ಕೆ ಬರಲಿ." "ಸಂಶೋಧನೆ ನಿಮ್ಮದು ಮೇಡಂ!" "ಹೌದು, ತಪ್ಪೂ ನಂದೇ. ಕಾಗದ ಕಳಿಸಬೇಡಿ. ನಾನೇ ಹೋಗ್ತೀನಿ." "ಅವರು ನಿಮಗೆ ಏನಾಗಬೇಕು ಅಂತ ಕೇಳೋದಿಲ್ಲ," ಎಂದರು ಮೇಷ್ಟ್ರು. ಆಮೇಲೆ, ಲೆಕ್ಕದವರಿಗೆ ಬಾರದ ದನಿಯಲ್ಲಿ, "ಹೋಗಿ ಬನ್ನಿ ತಾಯಿ," ಎಂದರು.

ಚಿಕ್ಕಮ್ಮನ ಮನೆ ಗಡಿಯಾರ ರಿಪೇರಿ ಅಂಗಡಿಯ ಮೇಲೆ. ಹೊರಗೆ ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ಬಿಳೀ ಹಾಳೆ ಹಾಸಿದಂತೆ. ಅಂಗಡಿಯವನು ಕಣ್ಣಿಗೆ ಗಾಜು ಕಚ್ಚಿಸಿಕೊಂಡು ಯಾವುದೋ ಗಡಿಯಾರದ ಹೊಟ್ಟೆ ಬಗೆಯುತ್ತಿದ್ದವನು ತಲೆ ಎತ್ತದೆ, "ಚಿಕ್ಕಮ್ಮ ಮೇಲಿದಾರೆ," ಎಂದ. ಬೀದಿಗೆಲ್ಲ ಅವಳು ಚಿಕ್ಕಮ್ಮನೇ. ಮೆಟ್ಟಿಲ ತಿರುವಿನಲ್ಲಿ ಒಂದು ಮರದ ಸ್ಟೂಲಿತ್ತು. ಅದರ ಮೇಲೊಂದು ದಿಂಬು. ಇದು ಯಾವಾಗಿನಿಂದ ಇಲ್ಲಿದೆ? ಪ್ರತಿ ಭಾನುವಾರ ಇದನ್ನು ದಾಟಿಕೊಂಡೇ ಹತ್ತಿದ್ದಾಳೆ. ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳಲು ಚಿಕ್ಕಮ್ಮ ಇಟ್ಟುಕೊಂಡ ಸ್ಟೂಲು, ಕಣ್ಣೆದುರಿಗೇ. ಅವಳು ಅದರ ಮುಂದೆ ನಿಂತಳು. ಕೂರಬೇಕು ಅನ್ನಿಸಿತು, ಕೂರುವ ಹಕ್ಕು ತನಗಿಲ್ಲ ಅನ್ನಿಸಿತು.

"ಇದೇನೇ, ಇಷ್ಟು ಹೊತ್ತಲ್ಲಿ? ಊರಲ್ಲಿ ಎಲ್ಲರ ಹೊಟ್ಟೆ ಖಾಲಿ ಆಯ್ತಾ?" ಬಾಗಿಲು ತೆರೆದ ಚಿಕ್ಕಮ್ಮ ಮುಖ ನೋಡಿ ಮಾತು ನಿಲ್ಲಿಸಿದಳು. ಅವಳು ಒಳಗೆ ಬಂದು, ಚೀಲವನ್ನೂ ಇಡದೆ, ಚಿಕ್ಕಮ್ಮನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದಳು. ಕೆಂಪಿರಬೇಕಾದಲ್ಲಿ ಕಾಗದದ ಬಿಳುಪು. ಎಷ್ಟು ಸುಲಭವಾಗಿ ಕಾಣುತ್ತಿತ್ತು! ಸ್ಕೋಪು ಬೇಡ, ಪರದೆ ಬೇಡ, ಒಂದು ಹೆಬ್ಬೆರಳು ಸಾಕಿತ್ತು. "ಕಣ್ಣಿಗೇನಾಗಿದೆಯೇ ನಂಗೆ?" "ನಿನ್ನ ಕಣ್ಣಿಗೇನೂ ಆಗಿಲ್ಲ." ಕೂರಿಸಿದಳು. ತಾನೂ ಕೂತಳು. "ಚಿಕ್ಕಮ್ಮ, ಅವತ್ತು ಪರೀಕ್ಷೆ ಮಾಡೋವಾಗ ನೀನು ಪರದೆ ಕಡೆ ಬೆರಳು ತೋರಿಸಿದ್ದೆ." "ಓ, ಸೀಬೆ ಹಣ್ಣಿನ ದಿನ." "ಅದು ಸೀಬೆ ಹಣ್ಣಲ್ಲ."

ಕೆಳಗಿನ ಅಂಗಡಿಯಲ್ಲಿ ಯಾವುದೋ ಗಡಿಯಾರ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿತು. "ಮತ್ತೇನು?" ಎಂದಳು ಚಿಕ್ಕಮ್ಮ. "ಗಂಟು. ಬೀಜ ಅದರ ಮೇಲೆ ಅಂಟಿತ್ತು, ಅಷ್ಟೇ. ನೀರು ಬಿಟ್ಟು ತೊಳೆದಿದ್ರೆ ಕಾಣ್ತಿತ್ತು. ನಾನು ತೊಳೀಲಿಲ್ಲ. ನೋಡ್ಲೂ ಇಲ್ಲ. ನೀನು ಕಂಡೆ, ಹೇಳಿದೆ. ನಾನು ಎಲ್ಲರ ಮುಂದೆ ನಿನ್ನ ನೋಡಿ ನಕ್ಕೆ." "ಈಗಲೂ ಇದೆಯಾ?" "ಇರುತ್ತೆ." "ದೊಡ್ಡದಾಗಿರುತ್ತಾ?" "ಆಗಿರಬಹುದು." "ಕೆಟ್ಟದ್ದು?" "ಆಗಿರಬಹುದು ಚಿಕ್ಕಮ್ಮ. ಗೊತ್ತಿಲ್ಲ. ನಾಳೆಯೇ ನೋಡಬೇಕು. ನಾನಲ್ಲ, ಬೇರೆಯವರು ನೋಡ್ತಾರೆ. ನಾನು ನಿನ್ನ ತಲೆ ಹತ್ತಿರ ಕೂತಿರ್ತೀನಿ." ಹೇಳಿ ಮುಗಿಸಿದ ಮೇಲೆ ಕಾದಳು. ಬೈಯಲಿ ಎಂದು ಕಾದಳು. ಚಿಕ್ಕಮ್ಮ ಬೈದರೆ ಹೇಗಿರುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ತನ್ನ ಕೈಗಳನ್ನೇ ನೋಡುತ್ತಿದ್ದಳು, ಬೆರಳನ್ನು ಬೆರಳಿಗೆ ಸಿಕ್ಕಿಸಿ, ಬಿಡಿಸಿ, ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ತಂತಿ ಚುಚ್ಚಿ ಕೀಳುವವಳ ಹಾಗೆ.

"ಹಾಗಾದ್ರೆ," ಎಂದಳು ಕೊನೆಗೆ, "ಅವತ್ತಿಂದ ನಾನು ಸೀಬೆ ಹಣ್ಣು ಬಿಟ್ಟಿದ್ದು ದಂಡ."

"ಬಿಟ್ಟಿದೀಯಾ?"

"ಮತ್ತೆ? ಒಂದು ಚೂರು ಮುಟ್ಟಿಲ್ಲ. ಈ ಬೀದೀಲಿ ಗಾಡಿಯವನು ಕೂಗಿಕೊಂಡು ಹೋದ್ರೆ ಕಿಟಕಿ ಹಾಕ್ಕೊಳ್ತೀನಿ. ನಾನು ತಿಂದು ನಿನ್ನ ಕೆಲಸ ಕೆಡಿಸಿಬಿಟ್ಟೆ ಅಂತ. ಅಷ್ಟು ಮಕ್ಕಳ ಮುಂದೆ ನಿಂಗೆ ಅವಮಾನ ಆಯ್ತಲ್ಲ ನನ್ನಿಂದ ಅಂತ."

ಅವತ್ತಿನ ಆ 'ಸರಿ ಡಾಕ್ಟ್ರೇ', ಆಮೇಲಿನ ಆ ಮೌನ ಯಾವುದರದೆಂದು ಅವಳಿಗೆ ಈಗ ತಿಳಿಯಿತು. "ನಾಳೆ ನೋಡಿದ ಮೇಲೆ ತಿನ್ನಬಹುದಾ?" ಎಂದು ಕೇಳಿದಳು ಚಿಕ್ಕಮ್ಮ. ಕೇಳಿದ್ದೇ ತಡ ಚಿಕ್ಕಮ್ಮನ ಭುಜ ಸಣ್ಣಗೆ ಅಲುಗಿತು, ನಿಂತಿತು, ಮತ್ತೆ ಉಕ್ಕಿತು. ಅವಳು ಕೈ ಚಾಚಿ ಚಿಕ್ಕಮ್ಮನ ಹೊಟ್ಟೆಯ ಬಲಗಡೆ, ತನಗೆ ಈಗ ಚೆನ್ನಾಗಿ ಗೊತ್ತಿದ್ದ ಜಾಗದ ಮೇಲೆ ಇಟ್ಟಳು. ಅಂಗೈ ಕೆಳಗೆ ಗೋಡೆ ಅದೇ ಲಯದಲ್ಲಿ ಅಲುಗುತ್ತಿತ್ತು. ಚಿಕ್ಕಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು, ಒಂದು ಸದ್ದೂ ಬರುತ್ತಿರಲಿಲ್ಲ. ಈ ಸಲ ಅದು ನಗುವೋ ಅಲ್ಲವೋ ಅವಳಿಗೆ ಗುರುತು ಸಿಗಲಿಲ್ಲ. ಕೈ ತೆಗೆಯಲಿಲ್ಲ.